ನಿಲ್ಲಿಸುವುದನ್ನೂ ಅರಿತಿದ್ದ ಗಿಬ್ಬನ್

2020ರ ಸೆಪ್ಟೆಂಬರ್‌ನಲ್ಲಿ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಚೆನ್ನೈನ ಆಸ್ಪತ್ರೆಯಲ್ಲಿ ವಾರಗಟ್ಟಲೆ ಎಕ್ಮೊ ಯಂತ್ರದ ಆಸರೆಯಲ್ಲಿದ್ದು ಕೊನೆಯುಸಿರೆಳೆದರು. ಆ ಯಂತ್ರದ ಹೆಸರು ಕನ್ನಡಿಗರ ಮನೆಮನೆಗೂ ಪರಿಚಿತವಾದದ್ದು ಆಗಲೇ. ಅಂದಿನಿಂದ, ತೀವ್ರ ನಿಗಾ ಘಟಕದ ಹೊರಗೆ ಕಾದು ಕುಳಿತ ಬಂಧುಗಳು ನನ್ನಂತಹ ವೈದ್ಯರನ್ನು ಕೇಳುವ ಪ್ರಶ್ನೆ ಒಂದೇ: ಇದನ್ನು ಹಾಕಿದರೆ ರೋಗಿ ಉಳಿಯುತ್ತಾರೆಯೇ? ಉತ್ತರಿಸುವ ಮುನ್ನ ನನಗೆ ನೆನಪಾಗುವವರು ಡಾ. ಜಾನ್ ಗಿಬ್ಬನ್.

ಗಿಬ್ಬನ್ ಜನಿಸಿದ್ದು 1903ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಮನೆತನದಲ್ಲಿ. 1930ರ ದಶಕದ ಆರಂಭದಲ್ಲಿ ಅವರು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕಿರಿಯ ಶಸ್ತ್ರವೈದ್ಯರು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಲುಕಿ ನರಳುತ್ತಿದ್ದ ಮಹಿಳೆಯೊಬ್ಬರ ಪಕ್ಕದಲ್ಲಿ ಅವರು ಇಡೀ ರಾತ್ರಿ ಕುಳಿತು ನಾಡಿ ಎಣಿಸಬೇಕಾಯಿತು. ಕೊನೆಗೆ ಶಸ್ತ್ರಚಿಕಿತ್ಸೆ ನಡೆದರೂ ಆಕೆ ಬದುಕಲಿಲ್ಲ. ಕಪ್ಪಿಟ್ಟ ರಕ್ತವನ್ನು ಹೊರತೆಗೆದು, ಆಮ್ಲಜನಕ ಬೆರೆಸಿ ಮತ್ತೆ ದೇಹಕ್ಕೆ ಹರಿಸಲು ಸಾಧ್ಯವಾಗಿದ್ದರೆ ಎಂಬ ಚಿಂತನೆ ಮೊಳೆತದ್ದು ಆ ರಾತ್ರಿಯಲ್ಲಿ.

ಹಿರಿಯರು ಉತ್ತೇಜನ ನೀಡಲಿಲ್ಲ. ಜೊತೆಗೆ ನಿಂತವರು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದು ಬಾಳಸಂಗಾತಿಯೂ ಆದ ಮೇರಿ. ದಂಪತಿ ಬೀದಿಬೆಕ್ಕುಗಳನ್ನು ಹಿಡಿದು ತಂದು ಪ್ರಯೋಗ ನಡೆಸಿದರು. 1935ರಲ್ಲಿ ಬೆಕ್ಕೊಂದರ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರವೇ ಕೆಲಹೊತ್ತು ನಿರ್ವಹಿಸಿತು. ಮಹಾಯುದ್ಧದ ಬಳಿಕ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮುಂದುವರಿಯಿತು. ಐಬಿಎಂ ಕಂಪೆನಿಯ ಎಂಜಿನಿಯರ್‌ಗಳು ಕೈಜೋಡಿಸಿದರು.

1952ರಲ್ಲಿ ಮೊದಲ ರೋಗಿ, ಒಂದು ಹಸುಳೆ, ಅಸುನೀಗಿತು. ರೋಗನಿರ್ಣಯವೇ ತಪ್ಪಾಗಿತ್ತು. 1953ರ ಮೇ 6ರಂದು 18ರ ತರುಣಿಯೊಬ್ಬಳ ಹೃದಯವನ್ನು ತೆರೆದು, ಅದರೊಳಗಿನ ರಂಧ್ರವನ್ನು ಮುಚ್ಚಲಾಯಿತು. ಆ ಹೊತ್ತಿನಲ್ಲಿ 26 ನಿಮಿಷಗಳ ಕಾಲ ಆಕೆಯ ಪ್ರಾಣ ಯಂತ್ರದ ವಶದಲ್ಲಿತ್ತು. ಆಕೆ 2000ದವರೆಗೂ ಬಾಳಿದಳು. ಆದರೆ ಅದೇ ಬೇಸಿಗೆಯಲ್ಲಿ ಇಬ್ಬರು ಪುಟ್ಟ ಬಾಲಕಿಯರು ತೀರಿಕೊಂಡರು. ನಾಲ್ವರಲ್ಲಿ ಉಳಿದದ್ದು ಒಬ್ಬಳು. ಗಿಬ್ಬನ್ ಯಂತ್ರದ ಬಳಕೆಯನ್ನು ಒಂದು ವರ್ಷ ನಿಲ್ಲಿಸಿದರು. ಸ್ವತಃ ಮತ್ತೆಂದೂ ಬಳಸಲಿಲ್ಲ. ಇತರರು ಸುಧಾರಿಸಲೆಂದು ತಮ್ಮ ಜ್ಞಾನವನ್ನು ಬಿಟ್ಟುಕೊಟ್ಟರು. ಮೇಯೊ ಕ್ಲಿನಿಕ್‌ನ ಜಾನ್ ಕರ್ಕ್ಲಿನ್ 1955ರಲ್ಲಿ ಅದೇ ಯಂತ್ರವನ್ನು ತಿದ್ದಿ ಯಶಸ್ವಿಯಾದರು. ಗೆಲುವಿನ ಬೆನ್ನಿಗೇ ಸೋಲನ್ನು ಒಪ್ಪಿ ಹಿಂದೆ ಸರಿದ ಈ ಪ್ರಾಮಾಣಿಕತೆ, ನನ್ನ ದೃಷ್ಟಿಯಲ್ಲಿ, ಅವರ ಆವಿಷ್ಕಾರದಷ್ಟೇ ದೊಡ್ಡದು.

ಗಿಬ್ಬನ್ 1973ರ ಫೆಬ್ರುವರಿಯಲ್ಲಿ ಟೆನಿಸ್ ಆಡುತ್ತಿದ್ದಾಗ ಹೃದಯಾಘಾತದಿಂದಲೇ ನಿಧನರಾದರು. ಅವರ ಕಲ್ಪನೆ ಅಷ್ಟರಲ್ಲಾಗಲೇ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಹೊರಬಂದಿತ್ತು. 1971ರಲ್ಲಿ ಡಾ. ಡೊನಾಲ್ಡ್ ಹಿಲ್ ತಂಡವು, ಅಪಘಾತದಲ್ಲಿ ಶ್ವಾಸಕೋಶ ಕೈಕೊಟ್ಟ ಯುವಕನನ್ನು 75 ಗಂಟೆ ಯಂತ್ರದ ಆಸರೆಯಲ್ಲಿಟ್ಟು ಬದುಕಿಸಿತು. ಆದರೂ 1979ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಎಕ್ಮೊ ಇದ್ದರೂ ಇಲ್ಲದಿದ್ದರೂ ಹತ್ತರಲ್ಲಿ ಒಂಬತ್ತು ಮಂದಿ ಸತ್ತರು. 2009ರ ಬ್ರಿಟಿಷ್ ಅಧ್ಯಯನ ಆಸೆ ಚಿಗುರಿಸಿತು: ಎಕ್ಮೊ ಕೇಂದ್ರಕ್ಕೆ ಕಳುಹಿಸಲಾದವರಲ್ಲಿ ಶೇ 63ರಷ್ಟು ಮಂದಿ ಆರು ತಿಂಗಳ ಬಳಿಕ ತೀವ್ರ ಅಂಗವೈಕಲ್ಯವಿಲ್ಲದೆ ಬದುಕಿದ್ದರು, ಮತ್ತೊಂದು ಗುಂಪಿನಲ್ಲಿ ಶೇ 47. ಹೃದಯಾಘಾತದಿಂದ ರಕ್ತಪರಿಚಲನೆ ಕುಸಿದವರ ಬಗೆಗಿನ 2023ರ ಜರ್ಮನಿ ಮೂಲದ ಅಧ್ಯಯನದಲ್ಲಾದರೋ, ಯಂತ್ರದಿಂದ ಸಾವಿನ ಪ್ರಮಾಣ ತಗ್ಗಲಿಲ್ಲ.

ಹೀಗಾಗಿ ಬಂಧುಗಳಿಗೆ ನಾನು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಎಕ್ಮೊ ರೋಗವನ್ನು ಗುಣಪಡಿಸುವುದಿಲ್ಲ. ಗುಣವಾಗಬಲ್ಲ ಅಂಗಕ್ಕೆ ಕಾಲಾವಕಾಶ ನೀಡುತ್ತದೆ. ರಕ್ತಸ್ರಾವ, ಪಾರ್ಶ್ವವಾಯು, ಸೋಂಕುಗಳ ಅಪಾಯ ಅದರ ಜೊತೆಗೇ ಬರುತ್ತದೆ. ಯಾವಾಗ ಆರಂಭಿಸಬೇಕೆಂಬಷ್ಟೇ ಯಾವಾಗ ನಿಲ್ಲಿಸಬೇಕೆಂಬುದನ್ನೂ ಮೊದಲೇ ಕುಳಿತು ಮಾತನಾಡಬೇಕು. ಮನೆ, ಒಡವೆ ಅಡವಿಟ್ಟು ಹಣ ಹೊಂದಿಸುವ ಕುಟುಂಬಕ್ಕೆ ಈ ಸತ್ಯವನ್ನು ತಿಳಿಸದಿರುವುದು ಕರುಣೆಯಲ್ಲ. ತಮ್ಮ ನಾಲ್ಕು ರೋಗಿಗಳ ಲೆಕ್ಕವನ್ನು ಮುಚ್ಚಿಡದ ಆ ವೈದ್ಯರಿಗೆ ನಾವು ಸಲ್ಲಿಸಬೇಕಾದ ಋಣವೂ ಇದೇ.