ಬಹುಶಃ ಎಂದರೆ ಎಷ್ಟು?

ಗುಪ್ತಚರ ವಿಷಯದಲ್ಲೂ ಈಗ ಎಂ.ಎ. ಮಾಡಬಹುದು. ಆ ಓದಿಗೆ ತಳಪಾಯ ಹಾಕಿದವರಲ್ಲಿ ಅಮೆರಿಕದ ಶೆರ್ಮನ್ ಕೆಂಟ್ (1903–1986) ಪ್ರಮುಖರು. ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು ಯುದ್ಧಕಾಲದಲ್ಲಿ ಗುಪ್ತಚರ ವರದಿ ಬರೆಯಲು ಬಂದರು.

1951ರಲ್ಲಿ ಯುಗೊಸ್ಲಾವಿಯದ ಮೇಲೆ ದಾಳಿಯಾಗುವ ಗಂಭೀರ ಸಾಧ್ಯತೆ ಇದೆಯೆಂದು ಅವರ ತಂಡ ಬರೆಯಿತು. ಎಷ್ಟು ಸಾಧ್ಯತೆ ಎಂದು ಒಬ್ಬೊಬ್ಬರನ್ನೇ ಕೇಳಿದರೆ, ಒಬ್ಬರ ಮನಸ್ಸಿನಲ್ಲಿ ನೂರಕ್ಕೆ 20, ಇನ್ನೊಬ್ಬರಲ್ಲಿ 80! ಎಲ್ಲರೂ ಒಪ್ಪಿದ್ದು ಒಂದೇ ವಾಕ್ಯವನ್ನು. (ಕೆಲಸ ಬಹುತೇಕ ಮುಗಿದಿದೆ ಎನ್ನುವ ನಮ್ಮ ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ.) ಅಂಥ ಪದಗಳಿಗೆ ಶೇಕಡಾ ಲೆಕ್ಕ ಕೊಡಲು ಕೆಂಟ್ ಹೊರಟರು. 1955ರಲ್ಲಿ ಈ ವಿದ್ಯೆಗೆಂದೇ ಒಂದು ಪತ್ರಿಕೆ ಹುಟ್ಟುಹಾಕಿದರು.

ಆದರೂ 1962ರ ಸೆಪ್ಟೆಂಬರಿನಲ್ಲಿ, ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣು ಕ್ಷಿಪಣಿ ಇಡಲಿಕ್ಕಿಲ್ಲ ಎಂದು ಅವರ ಕಚೇರಿಯೇ ಅಂದಾಜು ಮಾಡಿತು. ತಿಂಗಳೊಳಗೆ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಕ್ಷಿಪಣಿಗಳು ಕಂಡವು. ಆ ಅಂದಾಜು ಹೇಗೆ ತಪ್ಪಿತೆಂದು 1964ರಲ್ಲಿ ಕೆಂಟ್ ತಾವೇ ಅದೇ ಪತ್ರಿಕೆಯಲ್ಲಿ ಬರೆದರು.