ಕಾರಹುಣ್ಣಿವೆಯ ಕವಿ

ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಹುಕ್ಕೇರಿಯ ನೆಲವನ್ನು ಹಾದು, ಹಿರಣ್ಯಕೇಶಿಯನ್ನು ಕೂಡಿಕೊಂಡು, ಗೋಕಾವಿಯ ಬಳಿ ಸುಮಾರು ೧೭೦ ಅಡಿಗಳ ಬಂಡೆಯಿಂದ ಕೆಳಕ್ಕೆ ಧುಮುಕುತ್ತದೆ. ಅನಂತರ ಶಾಂತವಾಗಿ ಮೂಡಣಕ್ಕೆ ಹರಿಯುತ್ತದೆ. ಮಳೆಯ ದಾರಿಯೂ ಅದೇ. ಹುಕ್ಕೇರಿಯ ಪಡುವಣ ಅಂಚಿನಲ್ಲಿ ಬಿರುಸಾಗಿ ಸುರಿಯುವ ಮುಂಗಾರು ಮೂಡಲಗಿಯ ಕಡೆಗೆ ನಡೆದಂತೆಲ್ಲ ತೆಳುವಾಗುತ್ತದೆ. ಆಕಾಶವನ್ನು ನಂಬಿ ಬಾಳುವ ಒಕ್ಕಲಿಗರ ನಾಡು ಇದು. ಈ ನಾಡಿನ ಬೆಟಗೇರಿ ಎಂಬ ಹಳ್ಳಿಯಲ್ಲಿ, ೧೯೦೦ರಲ್ಲಿ, ಕೃಷ್ಣಶರ್ಮರು ಹುಟ್ಟಿದರು. ಕನ್ನಡಿಗರು ಅವರನ್ನು ‘ಆನಂದಕಂದ’ರೆಂಬ ಕಾವ್ಯನಾಮದಿಂದ ಬಲ್ಲರು.

ಆನಂದವನ್ನು ಹೆಸರಿನಲ್ಲಿಯೇ ಧರಿಸಿದ ಈ ಕವಿಯ ಬಾಲ್ಯವು ಆನಂದದ್ದೇನೂ ಆಗಿರಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡರು; ಕೆಲವು ವರ್ಷಗಳಲ್ಲಿ ತಾಯಿಯೂ ಇಲ್ಲವಾದರು. ಶಾಲೆಯ ಓದು ಹೆಚ್ಚು ದೂರ ಸಾಗಲಿಲ್ಲ. ಮುಂದೆ ಅವರು ಪ್ರಕಟಿಸಿದ ಒಂದು ಕಥಾಸಂಕಲನಕ್ಕೆ ‘ಬಡತನದ ಬಾಳು’ ಎಂದು ಹೆಸರಿಟ್ಟರು. ಅದು ಅವರು ಪುಸ್ತಕಗಳಿಂದ ಕಲಿತ ವಿಷಯವಲ್ಲ. ತಾಯಿಯ ಬಾಯಿಂದ ಕೇಳಿದ ಹಾಡುಗಳು, ಹಳ್ಳಿಯ ಮಾತಿನ ಸೊಗಸು, ಋತುವಿನಿಂದ ಋತುವಿಗೆ ತಿರುಗುವ ಹಬ್ಬಗಳ ಬೆಡಗು, ಇವಿಷ್ಟೇ ಅವರಿಗೆ ದೊರೆತ ಪಿತ್ರಾರ್ಜಿತ. ಆಸ್ತಿಯಾಗಿದ್ದರೆ ಕರಗಿ ಹೋಗುತ್ತಿತ್ತೋ ಏನೋ, ಇದು ಕರಗಲಿಲ್ಲ.

ಆ ಹಬ್ಬಗಳು ಎಂಥವು? ಮಳೆ ನಾಲ್ಕು ಹನಿ ಬಿದ್ದು, ನೆಲ ಹದಗೊಂಡು, ರೈತನು ಕೂರಿಗೆಗೆ ಕೈಹಾಕುವ ಜ್ಯೇಷ್ಠಮಾಸದಲ್ಲಿ ಕಾರಹುಣ್ಣಿವೆ ಬರುತ್ತದೆ. ಕೆಲಸದ ಅವಸರ ಅತಿಯಾಗಿರುವಾಗಲೇ ಆ ದಿನ ಎತ್ತಿನ ಹೆಗಲಿಗೆ ನೊಗವಿಲ್ಲ. ಅದರ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಝೂಲ ಹೊದಿಸಿ, ಮನೆಯವರು ಉಣ್ಣುವ ಮೊದಲೇ ಅದಕ್ಕೆ ಉಣಿಸುತ್ತಾರೆ. ಸಂಜೆ ಅಗಸೆಯಲ್ಲಿ ಅಡ್ಡಲಾಗಿ ಕಟ್ಟಿದ ಬೇವಿನ ಸೊಪ್ಪಿನ ಹಗ್ಗವನ್ನು ಎತ್ತುಗಳು ಓಡಿಬಂದು ಹರಿಯಬೇಕು. ಅದೇ ‘ಕರಿ ಹರಿಯುವುದು’. ಬಿಳಿಯ ಎತ್ತು ಮುಂದೆ ಬಂದರೆ ಹಿಂಗಾರಿ ಪೀಕು, ಕೆಂದೆತ್ತು ಬಂದರೆ ಮುಂಗಾರಿ ಪೀಕು ಹುಲುಸಾಗುವುದೆಂದು ಹಿರಿಯರ ಎಣಿಕೆ. ಎಣಿಕೆ ನಿಜವಾಗುವುದೋ ಇಲ್ಲವೋ, ಊರಿಗೆ ಊರೇ ಒಂದು ಸಂಜೆ ಕೆಲಸ ಮರೆತು ಅಗಸೆಯಲ್ಲಿ ನಿಲ್ಲುವುದಂತೂ ನಿಜ.

ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳು ಹಸಿಮಣ್ಣಿನಿಂದ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಶ್ರಾವಣದ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಮರದ ಕೊಂಬೆಗೆ ಜೋಕಾಲಿ ಕಟ್ಟಿ ಜೀಕುತ್ತಾರೆ. ಮನೆಮನೆಯಲ್ಲಿ ಉಂಡಿ, ಅರಳು. ಚಳಿಗಾಲದಲ್ಲಿ ಬಿಳಿಜೋಳದ ತೆನೆಗೆ ಹಾಲು ತುಂಬಿದಾಗ ಹೊಲದಲ್ಲಿಯೇ ಕೆಂಡದ ಮೇಲೆ ಸುಟ್ಟು, ಕೈಯಲ್ಲಿ ತಿಕ್ಕಿ, ಬೆಲ್ಲದೊಡನೆ ಸೀತನಿ ತಿನ್ನುತ್ತಾರೆ. ಅದಕ್ಕೆ ಹದವಿರುವುದು ಕೆಲವೇ ದಿನ; ಕಾಳು ಬಲಿತರೆ ಸೀತನಿಯ ರುಚಿಗೆ ಮತ್ತೆ ಒಂದು ವರ್ಷ ಕಾಯಬೇಕು. ಹಬ್ಬಗಳೆಂದರೆ ಬಡವನ ಸಾಲವನ್ನು ಹೆಚ್ಚಿಸುವ ದುಂದು ಎಂದು ಹೇಳುವವರುಂಟು. ಮದುವೆ ಜಾತ್ರೆಗಳ ವಿಷಯದಲ್ಲಿ ಆ ಮಾತು ಸುಳ್ಳಲ್ಲ. ಆದರೆ ಒಂದು ಹಿಡಿ ಮಣ್ಣು, ಒಂದು ಮಾರು ಹಗ್ಗ, ಹೊಲದ ನಾಲ್ಕು ತೆನೆ, ಇವುಗಳಿಗೆ ಯಾವ ಸಾಹುಕಾರನ ಬಾಗಿಲಿಗೂ ಹೋಗಬೇಕಾಗಿಲ್ಲ. ಅವು ಕೇಳುವುದು ಹಣವನ್ನಲ್ಲ, ಹೊತ್ತನ್ನು.

ಹೊತ್ತಿನ ಲೆಕ್ಕವೇ ಬೇರೆಯಾಗುತ್ತಿದ್ದ ಕಾಲ ಅದು. ಕೃಷ್ಣಶರ್ಮರು ಹುಟ್ಟುವುದಕ್ಕೆ ಮೊದಲೇ, ೧೮೮೦ರ ದಶಕದಲ್ಲಿ, ಗೋಕಾವಿಯ ಜಲಪಾತದ ಬಳಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಎದ್ದಿತ್ತು. ಸುತ್ತಲಿನ ಹಳ್ಳಿಗಳ ಎಷ್ಟೋ ಬಡವರಿಗೆ ಅದು ಅನ್ನ ಕೊಟ್ಟಿತು. ಈ ಉಪಕಾರವನ್ನು ಮರೆಯಲಾಗದು. ಆದರೆ ಗಿರಣಿಯ ಕದಿರಿಗೆ ಜ್ಯೇಷ್ಠವೂ ಒಂದೇ, ಶ್ರಾವಣವೂ ಒಂದೇ. ಒಂದೇ ತಾಲ್ಲೂಕಿನಲ್ಲಿ ಒಂದು ಕಡೆ ಹುಣ್ಣಿಮೆ ಅಮಾವಾಸ್ಯೆಗಳ ಎಣಿಕೆ, ಇನ್ನೊಂದು ಕಡೆ ಪಾಳಿಯ ಎಣಿಕೆ. ಆನಂದಕಂದರು ಮೊದಲನೆಯ ಎಣಿಕೆಯ ಕವಿಯಾದರು. ತಮ್ಮ ಒಂದು ಕವನಸಂಗ್ರಹಕ್ಕೆ ಅವರಿಟ್ಟ ಹೆಸರೇ ‘ಕಾರಹುಣ್ಣಿವೆ’.

ಹೀಗೆಂದು ಅವರು ಬಿಡುವಿನಲ್ಲಿ ಬಾಳಿದವರೆಂದು ತಿಳಿಯಬಾರದು. ಧಾರವಾಡಕ್ಕೆ ಬಂದು ರಾಷ್ಟ್ರೀಯ ಶಾಲೆಯಲ್ಲಿ ಅಧ್ಯಾಪಕರಾಗಿ, ‘ಜಯಕರ್ನಾಟಕ’ದಂಥ ಪತ್ರಿಕೆಗಳಲ್ಲಿ ದುಡಿದು, ೧೯೩೮ರಲ್ಲಿ ‘ಜಯಂತಿ’ ಎಂಬ ತಮ್ಮದೇ ಮಾಸಪತ್ರಿಕೆಯನ್ನು ಆರಂಭಿಸಿದರು. ಎರಡು ದಶಕಗಳಿಗೂ ಹೆಚ್ಚು ಕಾಲ ಅದನ್ನು ನಡೆಸಿದರು. ಬಲವಾದ ಬೆಂಬಲವಿಲ್ಲದೆ ಕನ್ನಡ ಮಾಸಪತ್ರಿಕೆಯೊಂದನ್ನು ಹೊರಡಿಸುವುದೆಂದರೆ ಲೇಖನ ತರಿಸುವುದು, ಕರಡು ತಿದ್ದುವುದು, ಕಾಗದಕ್ಕೆ ಹಣ ಹೊಂದಿಸುವುದು, ಚಂದಾದಾರರನ್ನು ಹುಡುಕುವುದು, ಇವೆಲ್ಲ ತಿಂಗಳು ತಿಂಗಳೂ ಮುಗಿಯದ ಕೆಲಸ. ಇದರ ನಡುವೆ ‘ಸುದರ್ಶನ’, ‘ರಾಜಯೋಗಿ’, ‘ಅಶಾಂತಿಪರ್ವ’ ಮೊದಲಾದ ಕಾದಂಬರಿಗಳು ಬಂದುವು; ಕಥೆ, ಪ್ರಬಂಧ, ಸಂಶೋಧನೆಗಳು ಬಂದುವು. ೧೯೬೦ರ ದಶಕದಲ್ಲಿ ಬೆಂಗೇರಿ ಹುಚ್ಚುರಾಯರೊಡನೆ ಪುರಂದರದಾಸರ ಹಾಡುಗಳನ್ನು ಸಂಪಾದಿಸಿ ಹಲವು ಸಂಪುಟಗಳಲ್ಲಿ ಹೊರತಂದರು.

ಇಷ್ಟು ದುಡಿದವರು ಹಬ್ಬವನ್ನು ಹುಡುಗಾಟವೆಂದು ಬದಿಗೊತ್ತಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಬೇಂದ್ರೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕೂಡಿದ್ದ ಗೆಳೆಯರ ಗುಂಪಿನಲ್ಲಿ ಕೃಷ್ಣಶರ್ಮರೂ ಒಬ್ಬರು. ೧೯೨೦ರ ದಶಕದಲ್ಲಿ ಈ ಗುಂಪು ನವರಾತ್ರಿಯ ದಿನಗಳನ್ನು ‘ನಾಡಹಬ್ಬ’ವಾಗಿ ಆಚರಿಸತೊಡಗಿತು. ಮನೆಯೊಳಗಿನ ಹಬ್ಬ ಬಯಲಿಗೆ ಬಂದಿತು. ಹಾಡು, ಭಾಷಣ, ಕವಿತೆಗಳಿಗೆ ಊರವರು ಸೇರಿದರು. ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಬೆಳಗಾವಿ ಧಾರವಾಡಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ನಾಡನ್ನು ಒಂದುಗೂಡಿಸುವ ದೊಡ್ಡ ಕೆಲಸಕ್ಕೆ ಆ ಗೆಳೆಯರು ಆರಿಸಿಕೊಂಡದ್ದು ಜನರು ವರ್ಷಕ್ಕೊಮ್ಮೆ ತಾವಾಗಿಯೇ ಬಿಡುವು ಮಾಡಿಕೊಳ್ಳುವ ದಿನಗಳನ್ನು. ಜಾಣತನವೆಂದರೆ ಇದೇ ಅಲ್ಲವೆ?

‘ನಲ್ವಾಡುಗಳು’ ಮೊದಲಾದ ಸಂಗ್ರಹಗಳ ಗೀತೆಗಳಲ್ಲಿ ಆನಂದಕಂದರು ಹಳ್ಳಿಯ ಹೆಣ್ಣುಗಂಡುಗಳ ಮಾತನ್ನೇ ಹಾಡಾಗಿಸಿದರು. ಕಾದಂಬರಿಕಾರರಾಗಿ ಅವರಿಗೆ ದೊರೆತ ಮನ್ನಣೆ ದೊಡ್ಡದಾದರೂ, ಜನರ ನಾಲಗೆಯ ಮೇಲೆ ಅವರನ್ನು ಉಳಿಸಿದುದು ಈ ಹಾಡುಗಳೇ. ಹುಬ್ಬಳ್ಳಿ ಧಾರವಾಡಗಳಿಗಿಂತ ತನ್ನ ಹಳ್ಳಿಯೇ ಲೇಸೆಂದು ಸಾರುವ ಗೀತೆ ಬಹಳ ಪ್ರಸಿದ್ಧವಾದುದು. ಅದನ್ನು ಬರೆದವರು ಮಾತ್ರ ಹೊಟ್ಟೆಪಾಡಿಗಾಗಿ ಹಳ್ಳಿಯನ್ನು ಬಿಟ್ಟು ಧಾರವಾಡದಲ್ಲಿ ನೆಲಸಿದವರು! ಊರಿನಲ್ಲಿಯೇ ಉಳಿದವನಿಗೆ ಕಾರಹುಣ್ಣಿವೆ ತಾನಾಗಿ ಬರುತ್ತದೆ. ಪಟ್ಟಣದಲ್ಲಿ ಕರಡು ತಿದ್ದುವವನು ಅದನ್ನು ನೆನಪಿನಿಂದ ಕರೆತರಬೇಕು. ಅವರ ಹಾಡುಗಳಲ್ಲಿ ಸಂತೋಷದ ಜೊತೆಗೆ ಒಂದು ತೆಳುವಾದ ಹಂಬಲವೂ ಕೇಳಿಬರುವುದಕ್ಕೆ ಇದು ಕಾರಣವಿದ್ದೀತು.

೧೯೮೨ರಲ್ಲಿ ಕೃಷ್ಣಶರ್ಮರು ತೀರಿಕೊಂಡರು. ಅವರು ಹುಟ್ಟಿದ ಸೀಮೆಯ ಬೇಸಾಯ ಇಂದು ಅಂದಿನಂತಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಬಂದು ಕಾಲುವೆಗಳು ಹರಿದಿವೆ. ಗೋಕಾವಿ, ಮೂಡಲಗಿಗಳ ಹೊಲಗಳಲ್ಲಿ ಕಬ್ಬು ಬೆಳೆಯುತ್ತದೆ. ಒಕ್ಕಲಿಗನಿಗೆ ವರ್ಷವಿಡೀ ಕೆಲಸ. ಎಷ್ಟೋ ಮನೆಗಳಲ್ಲಿ ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರು ನಿಂತಿದೆ. ಆದರೂ ಎತ್ತುಗಳುಳ್ಳ ಊರುಗಳಲ್ಲಿ ಜ್ಯೇಷ್ಠದ ಹುಣ್ಣಿಮೆಯ ಸಂಜೆ ಅಗಸೆಗೆ ಬೇವಿನ ಸೊಪ್ಪಿನ ಹಗ್ಗ ಏರುತ್ತದೆ. ಮುಂದೆ ಬರುವುದು ಬಿಳಿಯದೋ ಕೆಂದದೋ ಎಂದು ನೋಡಲು ಮಕ್ಕಳು ಗೋಡೆಯನ್ನೇರಿ ಕುಳಿತಿರುತ್ತಾರೆ.