ತಾನೇ ತೆರೆದ ವಾರ್ಡನ್ನು ಮುಚ್ಚಿಸಿದ ದೀಪಧಾರಿಣಿ

ಮೇ 12 ಅಂತರರಾಷ್ಟ್ರೀಯ ದಾದಿಯರ ದಿನ. ಅಂದು ಫ್ಲಾರೆನ್ಸ್ ನೈಟಿಂಗೇಲರ ಜನ್ಮದಿನ. ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ನಡೆದ ಆಕೆಯ ಚಿತ್ರವನ್ನು ಶಾಲಾ ಪುಸ್ತಕಗಳಲ್ಲಿ ನಾವೆಲ್ಲರೂ ಕಂಡವರೇ. ಆದರೆ ಆಕೆಯ ಬದುಕಿನ ಹೆರಿಗೆ ವಾರ್ಡಿನ ಅಧ್ಯಾಯ ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿಲ್ಲ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಆಕೆ ಜನಿಸಿದರು. ದೇವರು ತನ್ನನ್ನು ಸೇವೆಗೆ ಕರೆದಿದ್ದಾರೆಂದು ಹದಿಹರೆಯದಲ್ಲೇ ನಂಬಿದ್ದರು. ದಾದಿ ಕೆಲಸ ಮಾನವಂತರ ಮನೆಯವರಿಗೆ ತಕ್ಕದ್ದಲ್ಲವೆಂದು ಮನೆಯವರು ವರ್ಷಗಟ್ಟಲೆ ತಡೆದರು. ಕೊನೆಗೂ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದರು.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ 38 ಮಂದಿಯೊಂದಿಗೆ ತುರ್ಕಿಯ ಸ್ಕುಟಾರಿಗೆ ತೆರಳಿದರು. ಅವರಲ್ಲಿ 10 ಮಂದಿ ಕಥೋಲಿಕ ಧರ್ಮಭಗಿನಿಯರು. ಲಂಡನಿನ ಬರ್ಮಂಡ್ಸೆ ಕಾನ್ವೆಂಟಿನ ಮದರ್ ಮೇರಿ ಕ್ಲೇರ್ ಮೂರ್ ಆಕೆಗೆ ಬಲಗೈಯಂತಿದ್ದರು. ನೈಟಿಂಗೇಲ್ ಆಂಗ್ಲಿಕನ್ ಸಭೆಗೆ ಸೇರಿದವರಾದರೂ ಈ ಸ್ನೇಹ 1874ರಲ್ಲಿ ಮದರ್ ನಿಧನರಾಗುವ ತನಕ ಉಳಿಯಿತು.

ಯುದ್ಧ ಮುಗಿದ ಮೇಲೆ ಸಾವಿನ ಲೆಕ್ಕ ತೆಗೆದಾಗ, ಗಾಯಕ್ಕಿಂತ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡದ್ದು ರೋಗ ಎಂಬುದು ಆಕೆಗೆ ಸ್ಪಷ್ಟವಾಯಿತು. ಅಂದಿನಿಂದ ಎಣಿಸದೆ ಏನನ್ನೂ ಒಳ್ಳೆಯದೆಂದು ಒಪ್ಪಿಕೊಳ್ಳದಿರುವುದು ಆಕೆಯ ವ್ರತವಾಯಿತು.

1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. ಹಳ್ಳಿಯ ಬಡ ತಾಯಂದಿರಿಗೂ ತರಬೇತಿ ಪಡೆದ ಸೂಲಗಿತ್ತಿಯರು ಸಿಗಬೇಕೆಂಬುದು ಆಕೆಯ ಹಂಬಲ. ಅದಕ್ಕಾಗಿ ಸ್ವಲ್ಪವೇ ಸಮಯದಲ್ಲಿ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡೊಂದನ್ನು ತೆರೆಯಲಾಯಿತು. ಉದ್ದೇಶ ಒಳ್ಳೆಯದಿತ್ತು, ದುಡಿಯುವವರೂ ಶ್ರದ್ಧೆಯುಳ್ಳವರಾಗಿದ್ದರು. ಆದರೂ ಬಾಣಂತಿಯರನ್ನು ನಂಜಿನ ಜ್ವರ ಕಾಡತೊಡಗಿತು. ಲೆಕ್ಕ ನೋಡಿದಾಗ ಸಾವಿರ ಹೆರಿಗೆಗೆ ಸುಮಾರು 33 ತಾಯಂದಿರ ಸಾವು. ಇಡೀ ಇಂಗ್ಲೆಂಡಿನಲ್ಲಿ ಆಗ ಅದು ಸಾವಿರಕ್ಕೆ ಸುಮಾರು 5 ಮಾತ್ರ.

1867ರಲ್ಲಿ ವಾರ್ಡನ್ನು ಮುಚ್ಚಲಾಯಿತು. ಆಕೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅನಾರೋಗ್ಯದ ನಡುವೆಯೂ ಬೇರೆ ಬೇರೆ ಹೆರಿಗೆ ಆಸ್ಪತ್ರೆಗಳ ಅಂಕಿಅಂಶಗಳನ್ನು ಕಲೆಹಾಕಿ, 1871ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬಡವರ ಮನೆಯ ಹೆರಿಗೆಗಿಂತಲೂ ಅಂದಿನ ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ ಸಾವು ಹೆಚ್ಚೆಂಬುದನ್ನು ಅದರಲ್ಲಿ ತೋರಿಸಿದರು. ತನ್ನದೇ ವಾರ್ಡಿನ ಸಾವುಗಳನ್ನೂ ಮರೆಮಾಚಲಿಲ್ಲ. ರೋಗಾಣುಗಳ ಜ್ಞಾನ ವೈದ್ಯಲೋಕದಲ್ಲಿ ಇನ್ನೂ ನೆಲೆಯೂರದಿದ್ದ ಕಾಲವದು. ಕಾರಣ ಪೂರ್ತಿ ತಿಳಿಯುವವರೆಗೆ ತಾಯಂದಿರು ಸಾಯುತ್ತಿರಲೆಂದು ಬಿಡಲು ಆಕೆಯ ಮನಸ್ಸಾಕ್ಷಿ ಒಪ್ಪಲಿಲ್ಲ.

1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ಆಕೆ ನಿಧನರಾದರು.

ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಂದು ಊರಲ್ಲೂ ಪರದೇಶದಲ್ಲೂ ದಾದಿಯರಾಗಿ ದುಡಿಯುತ್ತಿದ್ದಾರೆ. ಧರ್ಮಭಗಿನಿಯರು ಆಸ್ಪತ್ರೆಗಳ ಹೊಣೆ ಹೊತ್ತಿದ್ದಾರೆ. ಒಂದು ಸಂಸ್ಥೆಯನ್ನು ಕಟ್ಟುವುದು ಕಷ್ಟ. ಅದರಿಂದ ರೋಗಿಗೆ ಕೇಡಾಗುತ್ತಿದೆಯೆಂದು ತಿಳಿದಾಗ ಅದನ್ನು ಒಪ್ಪಿಕೊಂಡು ನಿಲ್ಲಿಸುವುದು ಇನ್ನೂ ಕಷ್ಟ. ಸಂಸ್ಥೆಯ ಹೆಸರಿಗಿಂತ ತಾಯಿಯ ಜೀವ ದೊಡ್ಡದೆಂದು ನಡೆದು ತೋರಿಸಿದ ಈ ಮಹಿಳೆಯನ್ನು ದಾದಿಯರ ದಿನದಂದು ನಾವು ಕೃತಜ್ಞತೆಯಿಂದ ನೆನೆಯೋಣ. ನಮ್ಮ ದಾದಿಯರಿಗೂ ಆಸ್ಪತ್ರೆ ನಡೆಸುವವರಿಗೂ ಅಂಥ ಧೈರ್ಯ ದೊರಕಲೆಂದು ಪ್ರಾರ್ಥಿಸೋಣ.